ಪರ್ಸಿ ಥ್ರಿಲಿಂಗ್ಟನ್ ಎಂಬೊಬ್ಬ



ದತ್ತಿ ಅಂದರೆ ಒಬ್ಬರ ಹೆಸರು ಅವರ ಕಾಲದಾಚೆಗೂ ನಾಲ್ಕು ಜನರ ಬಾಯಲ್ಲಿ ಉಳಿಯಲಿ ಎಂದು ಮಾಡಿಟ್ಟ ಏರ್ಪಾಡು. ಅಂಥ ವೇದಿಕೆಯಲ್ಲಿ ನಿಂತು, ಇದ್ದ ಹೆಸರನ್ನು ಬೇಕೆಂದೇ ಬದಿಗಿಟ್ಟವರ ವಿಷಯ ಎತ್ತುವುದು ಕೊಂಚ ತುಂಟತನವೇ ಸರಿ. ವಿಷಯದ ಆಯ್ಕೆಯನ್ನು ನನಗೇ ಬಿಟ್ಟದ್ದು ಸಂಘಟಕರು. ಆದ್ದರಿಂದ ಬೈಗುಳದಲ್ಲಿ ಅವರಿಗೂ ಪಾಲಿದೆ.

ಮೊದಲು ಆರು ಹೆಸರುಗಳನ್ನು ಓದುತ್ತೇನೆ. ಪಾಲ್ ರಮೋನ್. ಬರ್ನಾರ್ಡ್ ವೆಬ್. ಅಪೋಲೋ ಸಿ. ವರ್ಮೂತ್. ಕ್ಲಿಂಟ್ ಹ್ಯಾರಿಗನ್. ಪರ್ಸಿ ಥ್ರಿಲಿಂಗ್ಟನ್. ಫೈರ್‌ಮನ್. ಹೆಸರು ಆರು, ಆಸಾಮಿ ಒಬ್ಬರೇ: ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ. (ಕೊನೆಯದರಲ್ಲಿ ಅರ್ಧ ಪಾಲು ಇನ್ನೊಬ್ಬರದು, ಅದನ್ನು ಆಮೇಲೆ ಹೇಳುತ್ತೇನೆ.) ಇಪ್ಪತ್ತನೆಯ ಶತಮಾನದ ಅತಿ ಪರಿಚಿತ ಹೆಸರುಗಳಲ್ಲಿ ಒಂದನ್ನು ಹೊತ್ತ ಮನುಷ್ಯ ಇಷ್ಟು ಸಲ ಬೇರೆ ಯಾರೋ ಆಗಲು ಹೊರಟರಲ್ಲ, ಅವರಿಗೆ ಏನು ಬೇಕಾಗಿತ್ತು, ಅದು ಸಿಕ್ಕಿತೇ ಎಂಬುದು ಈ ಉಪನ್ಯಾಸದ ವಿಷಯ.

ನಮ್ಮಲ್ಲಿ ಕಾವ್ಯನಾಮ ಹೊಸದಲ್ಲ ಎಂದು ನಿಮ್ಮಲ್ಲಿ ಯಾರಾದರೂ ಹೇಳಬಹುದು. ನಿಜ. ಆದರೆ ಕುವೆಂಪು, ಅಂಬಿಕಾತನಯದತ್ತ, ಶ್ರೀರಂಗ ಇವೆಲ್ಲ ಅಡಗಿಕೊಳ್ಳಲು ಇಟ್ಟುಕೊಂಡ ಹೆಸರುಗಳಲ್ಲ. ಓದುಗರಿಗೆ ಅವೇ ನಿಜವಾದ ಹೆಸರಾಗಿಹೋದವು. ನಾನು ಹೇಳುತ್ತಿರುವುದು ಬೇರೆ ಜಾತಿಯ ಸಂಗತಿ. ಲೋಕಕ್ಕೆಲ್ಲ ಗೊತ್ತಿರುವ ಒಬ್ಬ, ಲೋಕದಲ್ಲಿಲ್ಲದ ಇನ್ನೊಬ್ಬನನ್ನು ಹುಟ್ಟಿಸಿ, ಅವನಿಗೆ ಊರು ಕೇರಿ ಕೊಟ್ಟು, ತನ್ನ ಕೆಲಸವನ್ನು ಅವನ ಲೆಕ್ಕಕ್ಕೆ ಬರೆಯುವುದು.

ಮೊದಲನೆಯ ಹೆಸರು ಎಳೆತನದ್ದು. 1960ರ ಮೇ ತಿಂಗಳಲ್ಲಿ, ಮುಂದೆ ಬೀಟಲ್ಸ್ ತಂಡವಾಗಿ ಬೆಳೆಯಲಿದ್ದ ಲಿವರ್‌ಪೂಲಿನ ಕೆಲವು ಹುಡುಗರು ಜಾನಿ ಜೆಂಟಲ್ ಎಂಬ ಗಾಯಕನ ಹಿಂದೆ ವಾದ್ಯ ನುಡಿಸಲು ಸ್ಕಾಟ್ಲೆಂಡಿಗೆ ಹೊರಟರು. ಆಗ ಮೆಕಾರ್ಟ್ನಿಗೆ ಹದಿನೇಳು. ವೇದಿಕೆಗೊಂದು ಠೀವಿಯ ಹೆಸರು ಬೇಡವೇ? ಜಾರ್ಜ್ ಹ್ಯಾರಿಸನ್ ತನ್ನ ಮೆಚ್ಚಿನ ಗಿಟಾರ್ ವಾದಕ ಕಾರ್ಲ್ ಪರ್ಕಿನ್ಸ್‌ನನ್ನು ನೆನೆದು ಕಾರ್ಲ್ ಹ್ಯಾರಿಸನ್ ಆದರು. ಚಿತ್ರ ಬರೆಯುತ್ತಿದ್ದ ಸ್ಟುವರ್ಟ್ ಸಟ್‌ಕ್ಲಿಫ್ ತಮಗೆ ಪ್ರಿಯನಾದ ಚಿತ್ರಕಾರನ ಹೆಸರನ್ನು ಹಿಂದೆ ಸೇರಿಸಿಕೊಂಡರು. ಪಾಲ್‌ಗೆ ರಮೋನ್ ಎಂಬುದರಲ್ಲಿ ಏನೋ ವಿದೇಶಿ ಕಳೆ ಕಂಡಿತು. ಹೆಸರಿಲ್ಲದ ಹುಡುಗರು ದೊಡ್ಡವರಂತೆ ಕಾಣಲು ಹಾಕಿಕೊಂಡ ಹೆಸರುಗಳಿವು. ಇದರಲ್ಲಿ ವಿಶೇಷವೇನಿಲ್ಲ. ಮುಂದೆ ನ್ಯೂಯಾರ್ಕಿನ ಒಂದು ಪಂಕ್ ತಂಡ ಇದೇ ಹೆಸರನ್ನೆತ್ತಿಕೊಂಡು ‘ರಮೋನ್ಸ್’ ಆಯಿತು ಎಂಬುದಷ್ಟೇ ಸ್ವಾರಸ್ಯ.

ಆರು ವರ್ಷ ಮುಂದೆ ಬನ್ನಿ. ಈಗ ಕಷ್ಟ ತಿರುಗುಮುರುಗಾಗಿದೆ. 1966ರ ಹೊತ್ತಿಗೆ ‘ಲೆನನ್–ಮೆಕಾರ್ಟ್ನಿ’ ಎಂದು ಅಚ್ಚಾದ ಯಾವ ಹಾಡಾದರೂ ಮಾರಾಟವಾಗುತ್ತಿತ್ತು. ಮೆಕಾರ್ಟ್ನಿ ಆಗ ವಾಸವಿದ್ದದ್ದು ಲಂಡನ್ನಿನ ವಿಂಪೋಲ್ ಬೀದಿಯಲ್ಲಿ, ತಮ್ಮ ಗೆಳತಿ ಜೇನ್ ಆಶರ್ ಅವರ ತಂದೆತಾಯಿಯ ಮನೆಯಲ್ಲಿ. ಜೇನ್ ಅವರ ಅಣ್ಣ ಪೀಟರ್, ‘ಪೀಟರ್ ಅಂಡ್ ಗಾರ್ಡನ್’ ಜೋಡಿಯ ಪೀಟರ್. 1964ರಲ್ಲಿ ಮೆಕಾರ್ಟ್ನಿ ಕೊಟ್ಟ ಹಾಡೊಂದು ಈ ಜೋಡಿಯನ್ನು ಬ್ರಿಟನ್ ಅಮೆರಿಕ ಎರಡೂ ಕಡೆ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೆ ಒಯ್ದಿತ್ತು. ಆ ಏರಿಕೆಗೆ ಕಾರಣ ಹಾಡೋ, ಹಾಡಿನ ಕೆಳಗಿದ್ದ ಹೆಸರೋ? 1966ರ ಆರಂಭದಲ್ಲಿ ‘ವುಮನ್’ ಎಂಬ ಹೊಸ ಹಾಡನ್ನು ಅದೇ ಜೋಡಿಗೆ ಕೊಟ್ಟು, ಬರೆದವನು ಬರ್ನಾರ್ಡ್ ವೆಬ್ ಎಂದು ಹಾಕಿಸಿದರು. ವೆಬ್ ಪ್ಯಾರಿಸ್ಸಿನಲ್ಲಿ ಓದುತ್ತಿರುವ ವಿದ್ಯಾರ್ಥಿ ಎಂಬ ಕಥೆಯನ್ನೂ ತೇಲಿಬಿಟ್ಟರು.

ಹಾಡು ಅಮೆರಿಕದಲ್ಲಿ 14ನೇ ಸ್ಥಾನಕ್ಕೂ ಬ್ರಿಟನ್ನಿನಲ್ಲಿ 28ನೇ ಸ್ಥಾನಕ್ಕೂ ಏರಿತು. ಅಷ್ಟರಲ್ಲಿ ಗುಟ್ಟು ಬಯಲಾಯಿತು. ಹಾಗಾದರೆ ಪ್ರಯೋಗ ಏನು ಹೇಳಿತು? ಏನನ್ನೂ ಹೇಳಲಿಲ್ಲ. ಹಾಡಿದವರು ಆಗಲೇ ಹೆಸರು ಮಾಡಿದ್ದವರು, ಹಿಂದೆ ದೊಡ್ಡ ಕಂಪನಿ ಇತ್ತು, ರೇಡಿಯೋದವರು ಅವರ ರೆಕಾರ್ಡನ್ನು ಹೇಗೂ ಹಾಕುತ್ತಿದ್ದರು. ನಿಜವಾದ ಬರ್ನಾರ್ಡ್ ವೆಬ್ ಒಬ್ಬನಿದ್ದು ಆತ ಪ್ಯಾರಿಸ್ಸಿನಿಂದ ಅದೇ ಹಾಡನ್ನು ಅಂಚೆಯಲ್ಲಿ ಕಳಿಸಿದ್ದರೆ ಲಕೋಟೆ ಒಡೆಯುವವರೂ ಇರುತ್ತಿರಲಿಲ್ಲ. ಹೆಸರನ್ನು ಅಳಿಸಬಹುದು, ಆ ಹೆಸರು ತೆರೆಸಿದ ಬಾಗಿಲುಗಳನ್ನು ಮತ್ತೆ ಮುಚ್ಚಲು ಆಗುವುದಿಲ್ಲ. ಗಣ್ಯರು ಅನಾಮಿಕರಾಗಿ ಅದೃಷ್ಟ ಪರೀಕ್ಷಿಸಿಕೊಂಡ ಕಥೆಗಳನ್ನು ಓದುವಾಗಲೆಲ್ಲ ನನಗೆ ಈ ಅನುಮಾನ ಬರುತ್ತದೆ.

ಅದೇ ವರ್ಷದ ನವೆಂಬರಿನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಕಛೇರಿಯ ಬಳಿಕ ಬೀಟಲ್ಸ್ ಊರೂರು ತಿರುಗುವುದನ್ನು ನಿಲ್ಲಿಸಿದ್ದರು. ಕಿರುಚಾಟದಲ್ಲಿ ತಮ್ಮ ವಾದ್ಯ ತಮಗೇ ಕೇಳಿಸದ ಸ್ಥಿತಿ ಅವರಿಗೆ ಸಾಕಾಗಿತ್ತು. ಬಿಡುವು ಸಿಕ್ಕ ಮೆಕಾರ್ಟ್ನಿ ಮೀಸೆ ಅಂಟಿಸಿ, ಕನ್ನಡಕ ಹಾಕಿ, ತಲೆಗೆ ವ್ಯಾಸಲೀನ್ ಮೆತ್ತಿ ಕೂದಲನ್ನು ಹಿಂದಕ್ಕೆ ಬಾಚಿ ಒಬ್ಬರೇ ಕಾರಿನಲ್ಲಿ ಫ್ರಾನ್ಸ್ ಸುತ್ತಲು ಹೊರಟರು. ಕಾರು ಮಾತ್ರ ಆಸ್ಟನ್ ಮಾರ್ಟಿನ್! ವೇಷ ಫಲಿಸಿತು. ಯಾರೂ ತಿರುಗಿ ನೋಡಲಿಲ್ಲ. ಬೋರ್ಡೋ ನಗರದಲ್ಲಿ ಒಂದು ರಾತ್ರಿ ಕ್ಲಬ್ಬಿಗೆ ಹೋದರೆ ಬಾಗಿಲಲ್ಲಿದ್ದವನು ಒಳಗೇ ಬಿಡಲಿಲ್ಲ. ಹೋಟೆಲ್ಲಿಗೆ ವಾಪಸಾಗಿ, ಮೀಸೆ ಕಿತ್ತಿಟ್ಟು, ಬೀಟಲ್ ಪಾಲ್ ಆಗಿ ಮತ್ತೆ ಬಂದರು. ಈಗ ಅದೇ ಬಾಗಿಲಲ್ಲಿ ಆದರದ ಸ್ವಾಗತ.

ಈ ಕಥೆಯನ್ನು ಮುಂದೆ ಅವರೇ ಹೇಳಿಕೊಂಡಿದ್ದಾರೆ. ನನಗೆ ಇಷ್ಟವಾಗುವುದು ಅದರಲ್ಲಿನ ಪ್ರಾಮಾಣಿಕತೆ. ಅನಾಮಿಕತೆಯ ಬಗ್ಗೆ ಹಂಬಲದಿಂದ ಮಾತಾಡುವ ಗಣ್ಯರಲ್ಲಿ ಬಹಳಷ್ಟು ಜನ ಬಾಗಿಲು ಹಾಕಿಸಿಕೊಂಡ ಆ ಕ್ಷಣದ ವಿಷಯ ಹೇಳುವುದಿಲ್ಲ. ಹೆಸರಿಲ್ಲದೆ ಒಂದು ವಾರ ಇರುವುದು ರಜೆ. ಬೇಕೆಂದಾಗ ಹೆಸರಿಗೆ ಮರಳಬಹುದು ಎಂಬ ಭರವಸೆ ಇರುವುದರಿಂದಲೇ ಅದು ರಜೆ.

ಕಾಕತಾಳೀಯ ನೋಡಿ: ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಾರ್ಜ್ ಹ್ಯಾರಿಸನ್ ರವಿಶಂಕರ್ ಅವರಲ್ಲಿ ಸಿತಾರ್ ಕಲಿಯಲು ಮುಂಬಯಿಗೆ ಬಂದಿದ್ದರು. ಗುರುತು ಸಿಗದಿರಲೆಂದು ಮೀಸೆ ಬಿಟ್ಟಿದ್ದರು, ತಾಜ್ ಹೋಟೆಲ್ಲಿನ ದಾಖಲೆಯಲ್ಲಿ ಸ್ಯಾಮ್ ವೆಲ್ಸ್ ಎಂದು ಬರೆಸಿದ್ದರು. ಗುಟ್ಟು ಹೆಚ್ಚು ದಿನ ನಿಲ್ಲಲಿಲ್ಲ. ಹೋಟೆಲ್ಲಿನ ಮುಂದೆ ಜನ ಜಮಾಯಿಸಿ, ಕೊನೆಗೆ ಪತ್ರಿಕಾಗೋಷ್ಠಿ ಕರೆಯಬೇಕಾಯಿತು. ಒಂದೇ ತಂಡದ ಇಬ್ಬರು ಒಂದೇ ಋತುವಿನಲ್ಲಿ ಎರಡು ಖಂಡಗಳಲ್ಲಿ ಮೀಸೆಯ ಹಿಂದೆ ಅಡಗಿದ್ದರು.

ಫ್ರಾನ್ಸಿನಿಂದ ಮೆಕಾರ್ಟ್ನಿ ಕೀನ್ಯಾಕ್ಕೆ ಹೋದರು. ಅಲ್ಲಿಂದ ಲಂಡನ್ನಿಗೆ ಮರಳುವ ವಿಮಾನದಲ್ಲಿ ತಂಡದ ಸಹಾಯಕ ಮಾಲ್ ಇವಾನ್ಸ್ ಜೊತೆಗಿದ್ದರು. ಊಟದ ತಟ್ಟೆಯ ಉಪ್ಪು ಮೆಣಸಿನ ಪೊಟ್ಟಣಗಳ ಮೇಲೆ ಹರಟುತ್ತಿದ್ದಾಗ ‘ಸಾರ್ಜೆಂಟ್ ಪೆಪ್ಪರ್’ ಎಂಬ ಹೆಸರು ಹೊಳೆಯಿತು ಎಂದು ಮೆಕಾರ್ಟ್ನಿ ಹೇಳುತ್ತಾರೆ. ಹೆಸರಿನ ಹಿಂದೆಯೇ ಯೋಚನೆಯೂ ಬಂತು. ಈ ಸಲ ನಾವು ಬೀಟಲ್ಸ್ ಆಗಿರುವುದು ಬೇಡ. ನಮ್ಮಲ್ಲದ ಒಂದು ತಂಡದ ರೆಕಾರ್ಡು ಮಾಡೋಣ.

1963ರಲ್ಲಿ ಅವರ ಮೊದಲ ಆಲ್ಬಮ್ಮಿನ ಹತ್ತು ಹಾಡುಗಳು ಒಂದೇ ದಿನದಲ್ಲಿ ಮುಗಿದಿದ್ದವು. ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ಗೆ ಸುಮಾರು ಐದು ತಿಂಗಳು ಹಿಡಿಯಿತು. 1967ರ ಮೇ ಕೊನೆಯಲ್ಲಿ ಅದು ಅಂಗಡಿಗೆ ಬಂತು. ರೇಷ್ಮೆಯ ಬ್ಯಾಂಡ್ ಸಮವಸ್ತ್ರ ತೊಟ್ಟ ನಾಲ್ವರು, ಪೀಟರ್ ಬ್ಲೇಕ್ ಮತ್ತು ಜಾನ್ ಹಾವರ್ತ್ ಕಟ್ಟಿದ ಜನಜಂಗುಳಿಯ ನಡುವೆ ನಿಂತಿದ್ದಾರೆ. ಅವರ ಪಕ್ಕದಲ್ಲೇ ಮದಾಂ ಟುಸ್ಸಾಡ್ಸ್ ಸಂಗ್ರಹಾಲಯದಿಂದ ತಂದ, ಹಳೆಯ ಸೂಟು ತೊಟ್ಟ ಬೀಟಲ್ಸರ ಮೇಣದ ಬೊಂಬೆಗಳು. ಸತ್ತವರ ಮುಂದೆ ನಿಂತಂತೆ ಆ ಬೊಂಬೆಗಳು ತಲೆ ತಗ್ಗಿಸಿವೆ. ಹೊಸ ವೇಷದವರು ಹಳೆಯ ತಮ್ಮನ್ನೇ ಪಕ್ಕಕ್ಕೆ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡಿದ್ದಾರೆ. ರೆಕಾರ್ಡ್ ಕಂಪನಿಯ ಅಧ್ಯಕ್ಷ ಜೋಸೆಫ್ ಲಾಕ್‌ವುಡ್ ಆ ಗುಂಪಿನಲ್ಲಿದ್ದ ಗಾಂಧೀಜಿಯ ಚಿತ್ರವನ್ನು ತೆಗೆಸಿದರು. ಭಾರತದ ಮಾರುಕಟ್ಟೆಯಲ್ಲಿ ತೊಂದರೆಯಾದೀತು ಎಂಬುದು ಅವರ ಹೆದರಿಕೆ. ಹ್ಯಾರಿಸನ್ ಹಾಕಿಸಿದ ಪರಮಹಂಸ ಯೋಗಾನಂದ ಮತ್ತವರ ಗುರುಪರಂಪರೆಯ ಚಿತ್ರಗಳು ಮಾತ್ರ ಉಳಿದವು.

ಈ ವೇಷದಿಂದ ಯಾರೂ ಮೋಸ ಹೋಗಲಿಲ್ಲ. ಮುಖಪುಟದ ಮೇಲೆ ಹೂವಿನಲ್ಲಿ ‘ಬೀಟಲ್ಸ್’ ಎಂದೇ ಬರೆದಿತ್ತು. ಅಷ್ಟೇ ಅಲ್ಲ, ಕಾಲ್ಪನಿಕ ಬ್ಯಾಂಡಿನ ಕಥೆ ಎರಡನೆಯ ಹಾಡಿನ ಹೊತ್ತಿಗೆ ಮರೆತುಹೋಗುತ್ತದೆ. ಬಿಲ್ಲಿ ಶಿಯರ್ಸ್ ಎಂಬ ಹೆಸರಿನಲ್ಲಿ ತಂಡದ ರಿಂಗೊ ಹಾಡಿ ಮುಗಿಸಿದ ಮೇಲೆ ಸಾರ್ಜೆಂಟ್ ಪೆಪ್ಪರನ ಸುಳಿವು ಸಿಗುವುದು ಕೊನೆಗೆ ಸಮೀಪ, ಶೀರ್ಷಿಕೆ ಗೀತೆ ಚುಟುಕಾಗಿ ಮರಳಿದಾಗ. ತನ್ನ ಹಾಡುಗಳಿಗೂ ಆ ಬ್ಯಾಂಡಿನ ಕಲ್ಪನೆಗೂ ಸಂಬಂಧವೇ ಇಲ್ಲ ಎಂದು ತಂಡದವರೇ ಆದ ಲೆನನ್ ಮುಂದೆ ಕಡ್ಡಿ ಮುರಿದಂತೆ ಹೇಳಿದರು. ಅವರ ಮಾತು ಸರಿಯೇ. ಹಾಗಾದರೆ ವೇಷ ಬರಿಯ ಹೊದಿಕೆಯೇ?

ಇದಕ್ಕೆ ಉತ್ತರ 1967ರ ಫೆಬ್ರವರಿ 10ರ ಸಂಜೆಯಲ್ಲಿ ಇದೆ ಎಂದು ನಾನು ತಿಳಿಯುತ್ತೇನೆ. ‘ಎ ಡೇ ಇನ್ ದ ಲೈಫ್’ ಹಾಡಿನ ನಡುವೆ ಇಪ್ಪತ್ನಾಲ್ಕು ಬಾರ್‌ಗಳಷ್ಟು (ತಾಳದ ಆವರ್ತಗಳಷ್ಟು) ಜಾಗ ಖಾಲಿ ಬಿಟ್ಟಿದ್ದರು. ಅದನ್ನು ತುಂಬಲು ಲಂಡನ್ನಿನ ದೊಡ್ಡ ವಾದ್ಯವೃಂದಗಳ ನಲವತ್ತು ಮಂದಿ ನುರಿತ ಕಲಾವಿದರನ್ನು ಆಬಿ ರೋಡಿನ ದೊಡ್ಡ ಸ್ಟುಡಿಯೋಕ್ಕೆ ಕರೆಸಿದರು. ಅವರಿಗೆ ಕೊಟ್ಟ ಸೂಚನೆ ವಿಚಿತ್ರ. ನಿಮ್ಮ ವಾದ್ಯದ ಅತಿ ಕೆಳಗಿನ ಸ್ವರದಿಂದ ಹೊರಟು, ಇಪ್ಪತ್ನಾಲ್ಕು ಬಾರ್ ಮುಗಿಯುವಷ್ಟರಲ್ಲಿ ಮೇಲಿನ ಸ್ವರ ಮುಟ್ಟಬೇಕು. ಯಾವ ವೇಗದಲ್ಲಿ ಏರುತ್ತೀರೋ ನಿಮ್ಮಿಷ್ಟ, ಪಕ್ಕದವರನ್ನು ಮಾತ್ರ ಅನುಸರಿಸಬೇಡಿ. ಪಕ್ಕದವರೊಡನೆ ಕೂದಲೆಳೆಯಷ್ಟೂ ಅಂತರವಿಲ್ಲದೆ ನುಡಿಸುವುದನ್ನು ಬದುಕಿಡೀ ಕಲಿತವರಿಗೆ ಇದಕ್ಕಿಂತ ಕಠಿಣ ಬೇಡಿಕೆ ಇಲ್ಲ. ಅದು ಅವರ ವಿದ್ಯೆಗೇ ವಿರುದ್ಧ.

ಆ ಸಂಜೆ ವಾದಕರಿಗೆ ಔಪಚಾರಿಕ ಕರಿ ಸೂಟಿನಲ್ಲಿ ಬರಲು ಹೇಳಿದ್ದರು. ಬಂದಮೇಲೆ ಕೈಗೆ ಮುಖವಾಡ, ಕಾಗದದ ಟೋಪಿ, ಕೋಡಂಗಿಯ ಕೆಂಪು ಮೂಗು ಕೊಟ್ಟರು. ಪಿಟೀಲು ಪಂಗಡದ ಮುಖ್ಯಸ್ಥ ಎರಿಕ್ ಗ್ರೂಯೆನ್‌ಬರ್ಗ್ ಕಮಾನು ಹಿಡಿವ ಕೈಗೆ ಗೊರಿಲ್ಲಾದ ಪಂಜ ತೊಟ್ಟು ಕೂತರು. ಹುಡುಗಾಟ ಅನ್ನಿ. ಆದರೆ ಗೊರಿಲ್ಲಾ ಪಂಜ ತೊಟ್ಟ ಕೈ ಅಪಸ್ವರ ನುಡಿಸಿದರೆ ಅದು ಗ್ರೂಯೆನ್‌ಬರ್ಗ್ ಅವರ ಅಪಸ್ವರವಲ್ಲ. ಕೆಂಪು ಮೂಗಿನವನು ಪಕ್ಕದವನ ಜೊತೆ ತಪ್ಪಿ ನಡೆದರೆ ಅದರಿಂದ ವೃಂದದ ಮಾನ ಹೋಗುವುದಿಲ್ಲ. ಆ ಇಪ್ಪತ್ನಾಲ್ಕು ಬಾರ್‌ಗಳನ್ನು ಕೇಳಿ ನೋಡಿ. ಅಂಕೆ ತಪ್ಪಿ ಮೇಲೆ ಮೇಲೆ ಏರುವ ಅಂಥ ಸದ್ದು ಆ ಮೊದಲು ಜನಪ್ರಿಯ ಸಂಗೀತದಲ್ಲಿ ಇರಲಿಲ್ಲ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿ ಕುಳಿತ ಮೇಷ್ಟರು ರಂಗಕ್ಕೆ ಹೋದಾಗ ತಮ್ಮದಲ್ಲದ ಅಬ್ಬರ ಗಂಟಲಲ್ಲಿ ಕಂಡುಕೊಳ್ಳುವುದನ್ನು ನೀವು ನೋಡಿದ್ದೀರಿ. ಸಭಿಕರಿಗೆಲ್ಲ ಮೇಷ್ಟರ ಗುರುತು ಉಂಟು, ಆದರೆ ಬಣ್ಣ ಕೆಲಸ ಮಾಡಬೇಕಾದದ್ದು ಸಭಿಕರ ಮೇಲೆ ಅಲ್ಲವಲ್ಲ.

ನಾನು ಇಂದು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ. ಪ್ರಸಿದ್ಧ ಸಂಗೀತಗಾರನಿಗೆ ಸುಳ್ಳು ಹೆಸರು ಬೇಕಾಗುವುದು ಕೇಳುಗರ ಕಿವಿಗೆ ಪರದೆ ಎಳೆಯಲು ಅಂತ ನಾವು ಅಂದುಕೊಳ್ಳುತ್ತೇವೆ. ಬರ್ನಾರ್ಡ್ ವೆಬ್ ಅಂಥ ಪರದೆಯಾಗಿದ್ದ, ಸೋತ. ಸಾರ್ಜೆಂಟ್ ಪೆಪ್ಪರ್ ಯಾರಿಂದಲೂ ಏನನ್ನೂ ಮುಚ್ಚಿಡಲಿಲ್ಲ. ಅದು ಕೆಲಸ ಮಾಡಿದ್ದು ಸ್ಟುಡಿಯೋದ ಒಳಗೆ, ನುಡಿಸುವವರ ಬೆರಳುಗಳ ಮೇಲೆ. ‘ಎ ಡೇ ಇನ್ ದ ಲೈಫ್’ ಬರುವುದು ಕಾಲ್ಪನಿಕ ಬ್ಯಾಂಡು ವಿದಾಯ ಹೇಳಿ ವೇದಿಕೆ ಇಳಿದ ಮೇಲೆ, ವೇಷ ಕಳಚಿದ ಬಳಿಕ ಹಾಡಿದಂತೆ. ವೇಷದ ಆಲ್ಬಮ್ಮಿನಲ್ಲಿ ಎಲ್ಲಕ್ಕಿಂತ ದೊಡ್ಡ ಹಾಡು ವೇಷದ ಹೊರಗಿದೆ. ಆದರೂ ಆ ವೇಷ ಇಲ್ಲದೆ ಅವರು ಅಲ್ಲಿಗೆ ತಲಪುತ್ತಿದ್ದರು ಎಂದು ನನಗೆ ಅನ್ನಿಸುವುದಿಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು, ಏಕೆಂದರೆ ಈ ಕಥೆಯೊಳಗೆ ನಮ್ಮವರೊಬ್ಬರು ಬರುತ್ತಾರೆ. ಅದೇ ಆಲ್ಬಮ್ಮಿನ ಎರಡನೆಯ ಮಗ್ಗುಲು ಶುರುವಾಗುವುದು ಹ್ಯಾರಿಸನ್ ಅವರ ‘ವಿದಿನ್ ಯೂ ವಿದೌಟ್ ಯೂ’ ಇಂದ. ಅದರಲ್ಲಿ ಉಳಿದ ಮೂವರು ಬೀಟಲ್‌ಗಳು ಇಲ್ಲವೇ ಇಲ್ಲ. ದಿಲ್‌ರುಬಾ, ತಬಲಾ, ತಂಬೂರಿ ನುಡಿಸಿದವರು ಲಂಡನ್ನಿನ ‘ಏಷ್ಯನ್ ಮ್ಯೂಸಿಕ್ ಸರ್ಕಲ್’ ಮೂಲಕ ಬಂದ ಭಾರತೀಯರು. ಆ ಸಂಸ್ಥೆಯನ್ನು ಕಟ್ಟಿದವರು 1903ರಲ್ಲಿ ಉತ್ತರ ಕರ್ನಾಟಕದ ಜಕನೂರಿನಲ್ಲಿ ಹುಟ್ಟಿ, ಇಪ್ಪತ್ತರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಅಯನ ದೇವ ಅಂಗಡಿ ಮತ್ತು ಅವರ ಪತ್ನಿ ಪೆಟ್ರೀಷಿಯಾ. 1965ರಲ್ಲಿ ‘ನಾರ್ವೀಜಿಯನ್ ವುಡ್’ ಹಾಡಿನ ಹೊತ್ತಿಗೆ ಹ್ಯಾರಿಸನ್ನರ ಸಿತಾರಿನ ತಂತಿ ಹರಿದಾಗ ಲಂಡನ್ನಿನಲ್ಲಿ ಸಿತಾರ್ ತಂತಿ ಯಾರ ಬಳಿ ಸಿಕ್ಕೀತು ಎಂದು ಹುಡುಕಿ ಸ್ಟುಡಿಯೋದವರು ಫೋನು ಮಾಡಿದ್ದು ಅಂಗಡಿಯವರ ಮನೆಗೆ. ತಂತಿ ಇತ್ತು. ಮನೆಮಂದಿಯೆಲ್ಲ ಅದನ್ನು ಕೊಡಲು ಸ್ಟುಡಿಯೋಕ್ಕೆ ಹೋದರು. ಮರುವರ್ಷ ಹ್ಯಾರಿಸನ್ ಮೊದಲ ಬಾರಿಗೆ ರವಿಶಂಕರರನ್ನು ಕಂಡದ್ದೂ ಫಿಂಚ್ಲಿಯ ಅವರ ಮನೆಯಲ್ಲೇ. ಅಂದಹಾಗೆ ಅಂಗಡಿಯವರೂ ತಮ್ಮ ರಾಜಕೀಯ ಬರಹಗಳಿಗೆ ಬೇರೆ ಹೆಸರು ಹಾಕುತ್ತಿದ್ದರು. ಅವರ ಕಾರಣಗಳು ಮೆಕಾರ್ಟ್ನಿಯದಕ್ಕಿಂತ ಗಂಭೀರ. ವಸಾಹತುಶಾಹಿಯ ರಾಜಧಾನಿಯಲ್ಲಿ ಕುಳಿತು ಅದನ್ನು ಟೀಕಿಸುವ ಭಾರತೀಯನಿಗೆ ಗುರುತು ಸಿಗುವುದು ತಮಾಷೆಯ ವಿಷಯವಾಗಿರಲಿಲ್ಲ.

1967ರ ಆ ರೆಕಾರ್ಡಿನ ಹೊದಿಕೆಯಲ್ಲಿ ಇಲ್ಲದ ಬ್ಯಾಂಡಿನ ಹೆಸರು ದೊಡ್ಡದಾಗಿದೆ. ಹಿಂಬದಿಯಲ್ಲಿ ಹಾಡುಗಳ ಸಾಹಿತ್ಯ ಪೂರ್ತಿ ಅಚ್ಚಾಗಿದೆ, ಆಗಿನ ಕಾಲಕ್ಕೆ ಅದೇ ಹೊಸತು. ದಿಲ್‌ರುಬಾ ನುಡಿಸಿದವರ ಹೆಸರು ಎಲ್ಲೂ ಇಲ್ಲ. ಅನ್ನಾ ಜೋಶಿ, ಅಮೃತ್ ಗಜ್ಜರ್, ತಂಬೂರಿಯ ಬುದ್ಧದೇವ ಕನ್ಸಾರಾ, ತಬಲಾದ ನಟವರ್ ಸೋನಿ ಎಂಬ ನಾಲ್ಕು ಹೆಸರುಗಳು ಸಾರ್ವಜನಿಕವಾಗಿ ತಿಳಿದದ್ದು 2017ರಲ್ಲಿ, ಐವತ್ತು ವರ್ಷದ ಮೇಲೆ, ಸಂಶೋಧಕರು ಹುಡುಕಿ ತೆಗೆದಾಗ. ಅತಿಯಾದ ಹೆಸರು ಭಾರವೆಂದು ಕಾಲ್ಪನಿಕ ಹೆಸರು ತೊಟ್ಟವರ ಪಕ್ಕದಲ್ಲೇ ಕುಳಿತು ನುಡಿಸಿದ ಇವರಿಗೆ ಯಾವ ಹೆಸರೂ ಇರಲಿಲ್ಲ. ದುರುದ್ದೇಶವಿತ್ತು ಎನ್ನುತ್ತಿಲ್ಲ. ಕೂಲಿಗೆ ಬರುವ ವಾದಕರ ಹೆಸರು ಹಾಕುವ ರೂಢಿ ಆಗ ಇರಲಿಲ್ಲ, ಗೊರಿಲ್ಲಾ ಪಂಜದ ಗ್ರೂಯೆನ್‌ಬರ್ಗರ ಹೆಸರೂ ಅಲ್ಲಿಲ್ಲ. ಆದರೂ ಎರಡು ಬಗೆಯ ಅನಾಮಿಕತೆಯನ್ನು ಒಂದೇ ಹೊದಿಕೆಯಲ್ಲಿಟ್ಟ ಈ ರೆಕಾರ್ಡನ್ನು ಕೈಯಲ್ಲಿ ಹಿಡಿದಾಗ ನನಗೆ ಮೊದಲು ನೆನಪಾಗುವುದು ಆ ನಾಲ್ವರು.

ಈಗ ನಮ್ಮ ಶೀರ್ಷಿಕೆಯ ಮಹನೀಯರಿಗೆ ಬರೋಣ.

ಬೀಟಲ್ಸ್ ಒಡೆದ ಮೇಲೆ, 1971ರ ಮೇನಲ್ಲಿ, ಮೆಕಾರ್ಟ್ನಿ ತಮ್ಮ ಹೆಂಡತಿ ಲಿಂಡಾ ಜೊತೆ ‘ರ‍್ಯಾಮ್’ ಎಂಬ ಆಲ್ಬಮ್ ತಂದರು. ವಿಮರ್ಶಕರು ಆಗ ಅದನ್ನು ಹಿಗ್ಗಾಮುಗ್ಗಾ ಜರೆದರು. ಆ ಬೈಗುಳ ಇನ್ನೂ ಅಚ್ಚಾಗುತ್ತಿದ್ದ ಜೂನ್ ತಿಂಗಳಲ್ಲೇ ಅವರು ಆಬಿ ರೋಡಿನಲ್ಲಿ ಒಂದು ವಾದ್ಯವೃಂದ ಕೂಡಿಸಿ ‘ರ‍್ಯಾಮ್’ನ ಹಾಡುಗಳನ್ನು ಮೊದಲಿಂದ ಕೊನೆಯವರೆಗೆ ಮಾತಿಲ್ಲದ, ಕುಣಿತದ ಹಾಲಿನ ಹಳೆಯ ಶೈಲಿಯ ಸಂಗೀತವಾಗಿ ಮರುರೂಪಿಸಿದರು. ಸಂಯೋಜನೆ ರಿಚರ್ಡ್ ಹ್ಯೂಸನ್ ಅವರದು. ಒಂದು ವರ್ಷದ ಹಿಂದೆ ‘ದ ಲಾಂಗ್ ಅಂಡ್ ವೈಂಡಿಂಗ್ ರೋಡ್’ ಹಾಡಿಗೆ ಫಿಲ್ ಸ್ಪೆಕ್ಟರ್ ಹೇಳಿದಂತೆ ತಂತಿವಾದ್ಯಗಳನ್ನು ಹೊಂದಿಸಿಕೊಟ್ಟವರು ಇವರೇ. ತನ್ನ ಹಾಡಿಗೆ ಕೇಳದೆಯೇ ಪಿಟೀಲು ಹೇರಿದರು ಎಂದು ಮೆಕಾರ್ಟ್ನಿ ಅದನ್ನು ನ್ಯಾಯಾಲಯದವರೆಗೂ ಒಯ್ದಿದ್ದರು. ಅದೇ ಹ್ಯೂಸನ್ನರನ್ನು ಕರೆದು, ಈಗ ನನ್ನ ಇಡೀ ಆಲ್ಬಮ್ಮಿಗೆ ಪಿಟೀಲು ಹೊಂದಿಸಿ ಅಂದರು. ಇದರಲ್ಲಿ ದೊಡ್ಡತನ ಎಷ್ಟು, ಕುಚೇಷ್ಟೆ ಎಷ್ಟು ಎಂದು ತೂಗಲು ನನಗೆ ಬರುವುದಿಲ್ಲ.

ಜೇಮ್ಸ್ ಬಾಂಡ್ ಚಿತ್ರಗಳ ಆ ಖ್ಯಾತ ಗಿಟಾರ್ ನುಡಿಸಿದ ವಿಕ್ ಫ್ಲಿಕ್, ಬಾಸ್ ವಾದಕ ಹರ್ಬಿ ಫ್ಲವರ್ಸ್, ಡ್ರಮ್ಸ್‌ಗೆ ಕ್ಲೆಮ್ ಕಟ್ಟೀನಿ ಹೀಗೆ ಲಂಡನ್ನಿನ ನುರಿತ ಸ್ಟುಡಿಯೋ ಕಲಾವಿದರೆಲ್ಲ ಅಲ್ಲಿದ್ದರು. ಮೆಕಾರ್ಟ್ನಿ ಹಾಡಲಿಲ್ಲ, ನುಡಿಸಲೂ ಇಲ್ಲ. ಗಾಜಿನ ಆಚೆ ನಿರ್ಮಾಪಕನಾಗಿ ಕುಳಿತು ತಮ್ಮ ಹಾಡು ಇನ್ನೊಬ್ಬರದೆಂಬಂತೆ ಕೇಳಿದರು. ಅಷ್ಟರಲ್ಲಿ ‘ವಿಂಗ್ಸ್’ ತಂಡ ಹುಟ್ಟಿತು, ಈ ಟೇಪುಗಳು ಕಪಾಟು ಸೇರಿದವು.

ಆರು ವರ್ಷದ ಮೇಲೆ, 1977ರ ಏಪ್ರಿಲ್ ಕೊನೆಯಲ್ಲಿ, ‘ಥ್ರಿಲಿಂಗ್ಟನ್’ ಎಂಬ ಹೆಸರಿನಲ್ಲಿ ಆ ಆಲ್ಬಮ್ ಹೊರಬಂತು. ಅದಕ್ಕೆ ಮೊದಲು ಲಂಡನ್ ಪತ್ರಿಕೆಗಳ ಖಾಸಗಿ ಪ್ರಕಟಣೆಗಳ ಅಂಕಣದಲ್ಲಿ ಪರ್ಸಿ ಥ್ರಿಲಿಂಗ್ಟನ್ ಎಂಬ ಸಿರಿವಂತ ಸಮಾಜಪ್ರಿಯನ ಆಗುಹೋಗುಗಳ ಸುದ್ದಿ ಬರಲಾರಂಭಿಸಿತು. ದುಡ್ಡು ಕೊಟ್ಟು ಹಾಕಿಸಿದ ಸುದ್ದಿಗಳು. ಆಲ್ಬಮ್ಮಿನ ಹಿಂಬದಿಯಲ್ಲಿ ಆತನ ಜೀವನಚರಿತ್ರೆಯೂ ಇತ್ತು. 1939ರಲ್ಲಿ ಕೊವೆಂಟ್ರಿಯ ಕ್ಯಾಥೆಡ್ರಲ್ಲಿನಲ್ಲಿ ಜನನ, ಅಮೆರಿಕದ ಲೂಸಿಯಾನಾದಲ್ಲಿ ಐದು ವರ್ಷ ಸಂಗೀತಾಭ್ಯಾಸ, ಲಾಸ್ ಏಂಜಲೀಸ್‌ನಲ್ಲಿ ವೃಂದ ನಡೆಸುವ ವಿದ್ಯೆ, ಕೊನೆಗೆ ಲಂಡನ್. ಬರೆದವರು ಕ್ಲಿಂಟ್ ಹ್ಯಾರಿಗನ್. ಅಂದರೆ ಮೆಕಾರ್ಟ್ನಿಯೇ. ಒಂದು ಸುಳ್ಳು ಹೆಸರಿನವನಿಗೆ ಇನ್ನೊಂದು ಸುಳ್ಳು ಹೆಸರಿನವನಿಂದ ಮುನ್ನುಡಿ! ನಮ್ಮ ಸಾಹಿತ್ಯವಲಯದಲ್ಲಿ ಮುನ್ನುಡಿಗಳು ಹುಟ್ಟುವ ಬಗೆ ಬಲ್ಲವರಿಗೆ ಇದರಲ್ಲಿ ತೀರ ಅಚ್ಚರಿಯೇನೂ ಕಾಣದಿರಬಹುದು.

ಈ ಗುಟ್ಟು ನಿಂತಿತು. ಗುಸುಗುಸು ಇದ್ದರೂ ಮೆಕಾರ್ಟ್ನಿ ಒಪ್ಪಿಕೊಂಡದ್ದು 1989ರಲ್ಲಿ, ಪತ್ರಿಕಾಗೋಷ್ಠಿಯೊಂದರಲ್ಲಿ ಯಾರೋ ನೇರವಾಗಿ ಕೇಳಿದಾಗ. ಹನ್ನೆರಡು ವರ್ಷ! ಬರ್ನಾರ್ಡ್ ವೆಬ್‌ಗೆ ಆಗದ್ದನ್ನು ಪರ್ಸಿ ಸಾಧಿಸಿದ. ಫಲ? ಆಲ್ಬಮ್ಮನ್ನು ಯಾರೂ ಕೊಳ್ಳಲಿಲ್ಲ. ಪಟ್ಟಿಯಲ್ಲಿ ಕಾಣಿಸಲಿಲ್ಲ. ಎಲ್ಲರೂ ಗುರುತಿಸಿದ ವೇಷ ಜಗತ್ತಿನ ಅತಿ ಹೆಚ್ಚು ಮಾರಾಟವಾದ ರೆಕಾರ್ಡುಗಳಲ್ಲಿ ಒಂದಾಯಿತು, ಯಾರೂ ಗುರುತಿಸದ ವೇಷ ಗೋದಾಮಿನಲ್ಲಿ ಉಳಿಯಿತು. 1966ರಲ್ಲಿ ವಿಂಪೋಲ್ ಬೀದಿಯ ಯುವಕ ಕೇಳಿದ ಪ್ರಶ್ನೆಗೆ ಇದು ಉತ್ತರವೇ? ಪೂರ್ತಿ ಅಲ್ಲ. ಪಂಕ್ ಸಂಗೀತ ಉಕ್ಕುತ್ತಿದ್ದ 1977ರ ಲಂಡನ್ನಿನಲ್ಲಿ ತಂದೆಯ ಕಾಲದ ಡ್ಯಾನ್ಸ್‌ಬ್ಯಾಂಡ್ ಶೈಲಿಯ ವಾದ್ಯಸಂಗೀತವನ್ನು ಯಾರ ಹೆಸರಲ್ಲಿ ತಂದಿದ್ದರೂ ಕೊಳ್ಳುವವರು ಕಡಿಮೆಯೇ. ಆದರೆ ಮೆಕಾರ್ಟ್ನಿಯ ತಂದೆ ಜಿಮ್ ಲಿವರ್‌ಪೂಲಿನಲ್ಲಿ ಅಂಥದೇ ಬ್ಯಾಂಡು ನಡೆಸುತ್ತಿದ್ದವರು. ‘ಥ್ರಿಲಿಂಗ್ಟನ್’ ಕೇಳುವಾಗ ನನಗೆ ಮಗನೊಬ್ಬ ತನ್ನ ಹಾಡನ್ನು ಅಪ್ಪನ ಬ್ಯಾಂಡಿಗೆ ಹೊಂದಿಸಿ ನೋಡಿದಂತೆ ಅನಿಸುತ್ತದೆ. ಸ್ವಂತ ಹೆಸರಿನಲ್ಲಿ ಅದನ್ನು ಮಾಡಿದ್ದರೆ ಹಳೆಯ ಬೀಟಲ್ ಮುದಿಯಾದ ಎಂದು ನಗುತ್ತಿದ್ದರು. ಪರ್ಸಿಗೆ ಆ ಹೆದರಿಕೆ ಇರಲಿಲ್ಲ.

ಅಮೆರಿಕದ ಎರಡು ಪ್ರಸಂಗಗಳನ್ನು ಇಲ್ಲಿ ಬೇಗ ಮುಟ್ಟಿ ಹೋಗುತ್ತೇನೆ. 1950ರಿಂದ ಹ್ಯಾಂಕ್ ವಿಲಿಯಮ್ಸ್ ‘ಲ್ಯೂಕ್ ದ ಡ್ರಿಫ್ಟರ್’ ಎಂಬ ಹೆಸರಲ್ಲಿ ಕೆಲವು ರೆಕಾರ್ಡು ತಂದರು. ಹಾಡಿಗಿಂತ ಹೆಚ್ಚಾಗಿ ಪಠಣ, ಸಾವು ನೋವು ನೀತಿಯ ಮಾತು. ಕಾರಣ ಅಪ್ಪಟ ವ್ಯಾಪಾರದ್ದು. ಹೋಟೆಲು ಪಾನಗೃಹಗಳ ಜ್ಯೂಕ್‌ಬಾಕ್ಸ್ ನಡೆಸುವವರು ಹ್ಯಾಂಕ್ ಹೆಸರಿನ ರೆಕಾರ್ಡೆಂದರೆ ಕೇಳದೆಯೇ ತರಿಸುತ್ತಿದ್ದರು. ಕುಡಿಯಲು ಬಂದವರು ಕಾಸು ಹಾಕಿ ಗುಂಡಿ ಒತ್ತಿದರೆ ಶವಸಂಸ್ಕಾರದ ಪದ್ಯ ಕೇಳಿಬಂದೀತು ಎಂಬ ಭಯಕ್ಕೆ ಬೇರೆ ಹೆಸರು. ಲ್ಯೂಕ್ ಯಾರೆಂದು ಕೇಳುಗರಿಗೆ ಗೊತ್ತೇ ಇತ್ತು. ಆ ಹೆಸರು ಒಂದು ಲೇಬಲ್ಲಿನಂತೆ, ಡಬ್ಬಿಯೊಳಗೆ ಏನಿದೆ ಎಂದು ಹೇಳುವಷ್ಟೇ ಅದರ ಕೆಲಸ. ಈ ವಿಷಯದಲ್ಲಿ ಇಷ್ಟು ಪ್ರಾಮಾಣಿಕವಾದ ಸುಳ್ಳು ಹೆಸರು ಇನ್ನೊಂದಿಲ್ಲ.

ಗಾರ್ತ್ ಬ್ರೂಕ್ಸ್ ಇದಕ್ಕೆ ತದ್ವಿರುದ್ಧ. ಅಮೆರಿಕದ ಕಂಟ್ರಿ ಸಂಗೀತದಲ್ಲಿ ಮಾರಾಟದ ಶಿಖರದಲ್ಲಿದ್ದ ಅವರು 1999ರಲ್ಲಿ ಕ್ರಿಸ್ ಗೇನ್ಸ್ ಎಂಬ ಆಸ್ಟ್ರೇಲಿಯಾ ಮೂಲದ ರಾಕ್ ಗಾಯಕನಾದರು. ಕಪ್ಪು ವಿಗ್ಗು, ತುಟಿಯ ಕೆಳಗೆ ಚೂರು ಗಡ್ಡ, ಹಳೆಯ ತಂಡ, ಸತ್ತ ಗೆಳೆಯ, ಅಪಘಾತ, ಮುಖದ ಶಸ್ತ್ರಚಿಕಿತ್ಸೆ, ಜೊತೆಗೆ ಟಿವಿಯಲ್ಲಿ ಹುಸಿ ಸಾಕ್ಷ್ಯಚಿತ್ರ. ಇಷ್ಟೆಲ್ಲ ‘ದ ಲ್ಯಾಂಬ್’ ಎಂಬ ಸಿನಿಮಾಕ್ಕೆ ಪೀಠಿಕೆ. ಆಲ್ಬಮ್ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿ ಕಾಲಿಟ್ಟಿತು, ಅದರ ಒಂದು ಹಾಡು ಪಾಪ್ ಪಟ್ಟಿಯ ಐದನೆಯ ಸ್ಥಾನಕ್ಕೇರಿತು. ಆದರೂ ಜನ ನಕ್ಕರು, ಸಿನಿಮಾ ಆಗಲೇ ಇಲ್ಲ, ಗೇನ್ಸ್ ಸೋಲಿಗೆ ಇನ್ನೊಂದು ಹೆಸರಾದ. ಹಾಡುಗಳು ಅಷ್ಟು ಕೆಟ್ಟದಾಗಿರಲಿಲ್ಲ. ನನ್ನ ಎಣಿಕೆಯಲ್ಲಿ ಆದ ಎಡವಟ್ಟು ಇದು: ಪರ್ಸಿಯ ಜೀವನಚರಿತ್ರೆ ನಾಲ್ಕು ಸಾಲಿನ ತಮಾಷೆ, ಗೇನ್ಸ್‌ನದು ನಂಬಿ ಎಂದು ಕೇಳುಗರನ್ನು ಬೇಡುವ ದಪ್ಪ ಕಡತ. ಹಾಡು ಕೇಳಲು ಕುಳಿತವರಿಗೆ ಮೊದಲು ಆ ಕಡತ ಓದಿ ಮುಗಿಸುವ ಕೆಲಸ ಹಚ್ಚಿದರು.

ಇನ್ನು ಫೈರ್‌ಮನ್. ಇದು ‘ಕಿಲ್ಲಿಂಗ್ ಜೋಕ್’ ತಂಡದ ಬಾಸ್ ವಾದಕ, ಯೂತ್ ಎಂದೇ ಕರೆಸಿಕೊಳ್ಳುವ ಮಾರ್ಟಿನ್ ಗ್ಲೋವರ್ ಜೊತೆ ಮೆಕಾರ್ಟ್ನಿ ಕಟ್ಟಿದ ಜೋಡಿ. 1993ರಲ್ಲಿ ಬಂದ ಮೊದಲ ಆಲ್ಬಮ್ಮಿನಲ್ಲಿ ಇಬ್ಬರ ಹೆಸರೂ ಇರಲಿಲ್ಲ. ಹಾಡೆಂಬುದೂ ಇಲ್ಲ, ತಾಸುಗಟ್ಟಲೆ ಮಿಡಿಯುವ ನೃತ್ಯತಾಳ. ಎರಡನೆಯದು 1998ರಲ್ಲಿ, ಲಿಂಡಾ ತೀರಿಕೊಂಡ ವರ್ಷವೇ ಬಂತು. ಮೂರನೆಯದು ‘ಎಲೆಕ್ಟ್ರಿಕ್ ಆರ್ಗ್ಯುಮೆಂಟ್ಸ್’, 2008ರದು. ಹದಿಮೂರು ಹಾಡು, ಹದಿಮೂರು ದಿನ, ವರ್ಷದ ಉದ್ದಕ್ಕೂ ಬಿಡಿಬಿಡಿಯಾಗಿ. ಬೆಳಿಗ್ಗೆ ಸ್ಟುಡಿಯೋಕ್ಕೆ ಬರುವಾಗ ಕೈಯಲ್ಲಿ ಏನೂ ಇರುತ್ತಿರಲಿಲ್ಲ, ಸಂಜೆಗೆ ಹಾಡು ಮುಗಿದಿರಬೇಕು. ಅರವತ್ತು ದಾಟಿದ ಮೆಕಾರ್ಟ್ನಿ ಮೈಕಿನ ಮುಂದೆ ನಿಂತು ಆ ಕ್ಷಣಕ್ಕೆ ಬಾಯಿಗೆ ಬಂದ ಮಾತನ್ನು ಹಾಡಿದರು. ದನಿ ಕೆಲವೆಡೆ ಒಡೆದಿದೆ, ಒರಟಾಗಿದೆ. ಅವರ ಸ್ವಂತ ಹೆಸರಿನ ಆಲ್ಬಮ್ಮುಗಳಲ್ಲಿ ಅದನ್ನು ಹಾಗೇ ಬಿಡುತ್ತಿದ್ದರೇ? ಅನುಮಾನ. ‘ಮೆಕಾರ್ಟ್ನಿ ಹಾಡು’ ಅಂದರೆ ಹೀಗಿರಬೇಕು ಎಂಬ ನಿರೀಕ್ಷೆ ಕೇಳುಗರದಕ್ಕಿಂತ ಹೆಚ್ಚಾಗಿ ಅವರದೇ. ನಲವತ್ತು ವರ್ಷ ಆ ಒರೆಗಲ್ಲಿಗೆ ಪ್ರತಿ ಸಾಲನ್ನೂ ಉಜ್ಜಿದವರು ಹದಿಮೂರು ದಿನ ಆ ಕಲ್ಲನ್ನು ಹೊರಗಿಟ್ಟು ಬಂದರು. ಈ ಹೊತ್ತಿಗೆ ಫೈರ್‌ಮನ್ ಯಾರೆಂಬುದು ಗುಟ್ಟಾಗಿರಲಿಲ್ಲ, ಪತ್ರಿಕೆಗಳು ಹೆಸರು ಹಿಡಿದೇ ಬರೆದವು. ಹೆಸರು ತಿಳಿದರೆ ಬಣ್ಣ ಕರಗುತ್ತದೆ ಎಂದು ಅವರು ಹೆದರಲೂ ಇಲ್ಲ.

2012ರಲ್ಲಿ ‘ರ‍್ಯಾಮ್’ ಆಲ್ಬಮ್ ದೊಡ್ಡ ಪೆಟ್ಟಿಗೆಯಾಗಿ ಮರುಪ್ರಕಟವಾಯಿತು. 1971ರಲ್ಲಿ ಅದನ್ನು ಜರೆದಿದ್ದ ವಿಮರ್ಶಾಲೋಕ ಈಗ ಮೆಚ್ಚಿ ಬರೆಯಿತು. ಆ ಪೆಟ್ಟಿಗೆಯೊಳಗೆ ‘ಥ್ರಿಲಿಂಗ್ಟನ್’ ಕೂಡ ಒಂದು ತಟ್ಟೆಯಾಗಿ ಸೇರಿತು. ಹೊರಗೆ ಪಾಲ್ ಮತ್ತು ಲಿಂಡಾ ಮೆಕಾರ್ಟ್ನಿ ಎಂದು ಬರೆದಿದೆ. 1977ರಲ್ಲಿ ಕೇಳುವವರಿಲ್ಲದೆ ಉಳಿದಿದ್ದ ಮೂಲ ಪ್ರತಿಗಳನ್ನು ಸಂಗ್ರಾಹಕರು ಈಗ ಹುಡುಕಿಕೊಂಡು ಹೋಗಿ ದುಬಾರಿ ಬೆಲೆ ತೆತ್ತು ಕೊಳ್ಳುತ್ತಾರೆ. ಹೆಸರು ಮುಚ್ಚಿಟ್ಟದ್ದರಿಂದ ಮಾರಾಟವಾಗದ ರೆಕಾರ್ಡು, ಒಮ್ಮೆ ಹೆಸರು ಮುಚ್ಚಿಟ್ಟಿದ್ದರು ಎಂಬ ಕಾರಣಕ್ಕೇ ಇಂದು ಬೆಲೆ ಬಾಳುತ್ತದೆ. ಮನೆಯಲ್ಲಿ ಹಳೆಯ ಎಲ್‌ಪಿಗಳ ಕಟ್ಟು ಇರುವವರು ಒಮ್ಮೆ ತಿರುವಿ ನೋಡಬಹುದು.